ಹಗಲಿನ ಸೊಳ್ಳೆಪರದೆ

ಬೀದಿಯವರು ಅವಳಿಗೆ ಸೊಳ್ಳೆ ಅಕ್ಕ ಅಂತ ಹೆಸರಿಟ್ಟಿದ್ದರು. ಎದುರಿಗೆ ಬರೀ ಅಕ್ಕ. ಸೊಳ್ಳೆಯನ್ನು ಅವಳು ಬೆನ್ನು ತಿರುಗಿಸಿದ ಮೇಲೆ ಸೇರಿಸುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೂ, ಯಾರದಾದರೂ ಬಾಗಿಲಲ್ಲಿ ಮುಚ್ಚಳವಿಲ್ಲದ ಬಕೆಟ್ಟು ಕಂಡರೆ ನಿಂತು ಬಗ್ಗಿ ನೋಡುವುದನ್ನು ಅವಳು ಬಿಡಲಿಲ್ಲ. ನೀರಲ್ಲಿ ಹುಳ ಕುಣಿಯುತ್ತಿದ್ದರೆ ಬಾಗಿಲು ತಟ್ಟಿ ಮನೆಯವರನ್ನು ಕರೆದು ತೋರಿಸುತ್ತಿದ್ದಳು. ಹೌದಾ ಅಕ್ಕ, ಈಗಲೇ ಚೆಲ್ತೀವಿ ಅಕ್ಕ ಅನ್ನುತ್ತಿದ್ದರು. ಮಾರನೆಯ ದಿನ ಅದೇ ಬಕೆಟ್ಟು, ಅದೇ ನೀರು, ಹುಳ ಮಾತ್ರ ಸ್ವಲ್ಪ ದಪ್ಪ. ಅವಳೇ ಎತ್ತಿ ಚೆಲ್ಲಿದರೆ ಜಗಳ. ನಲ್ಲಿ ಮುಂದೆ ನಾವು ಎಷ್ಟು ಹೊತ್ತು ಕಾದು ಹಿಡಿದ ನೀರು ಗೊತ್ತಾ ಅಂತ.

ಮೊದಲು ಅವಳು ಹೊಲಿಗೆ ಅಕ್ಕ ಆಗಿದ್ದಳು. ಕಿಟಕಿ ಪರದೆ, ದಿಂಬಿನ ಕವರು, ಶಾಲೆ ಮಕ್ಕಳ ಅಂಗಿ ಚಡ್ಡಿ, ಕಿತ್ತುಹೋದ ಜಿಪ್ಪು, ಕೇಳಿದವರಿಗೆ ಸೊಳ್ಳೆಪರದೆ. ಗಂಡ ಹೋದ ಮೇಲೂ ಅದೇ ಮಿಷನ್ನು, ಅದೇ ಹೊಲಿಗೆ. ಹೆಸರು ಮಾತ್ರ ಬದಲಾಯಿತು.

ಸೊಳ್ಳೆಪರದೆ ಹೊಲಿಯುವುದು ಹೊಟ್ಟೆ ಉರಿಸುವ ಕೆಲಸ. ಬಟ್ಟೆ ಜಾರುತ್ತದೆ, ಸುಕ್ಕಾಗುತ್ತದೆ, ಸೂಜಿ ತೂತಲ್ಲೇ ತೂರಿ ಹೋಗಿ ದಾರ ಹಿಡಿಯುವುದಿಲ್ಲ. ಕೆಳಗೆ ಹಳೆ ಪೇಪರಿನ ಪಟ್ಟಿ ಇಟ್ಟು ಪೇಪರಿನ ಸಮೇತ ಹೊಲಿದು, ಆಮೇಲೆ ಪೇಪರನ್ನು ಚೂರು ಚೂರಾಗಿ ಹರಿದು ತೆಗೆಯಬೇಕು. ಹಾಗೆ ಹೊಲಿದು ಕೊಟ್ಟ ಪರದೆಯನ್ನು ಜನ ಏನು ಮಾಡಿದರು ಅಂತ ಅವಳು ಕಣ್ಣಾರೆ ಕಂಡಿದ್ದಳು. ಒಬ್ಬರು ಟೊಮೆಟೊ ಸಸಿಗೆ ಹೊದಿಸಿದರು. ಒಬ್ಬರು ಚೀಲ ಮಾಡಿ ಈರುಳ್ಳಿ ತುಂಬಿದರು. ಒಬ್ಬ ದೊಡ್ಡ ಮನುಷ್ಯ ಎರಡು ಕಂಬಕ್ಕೆ ಕಟ್ಟಿ ಮಕ್ಕಳ ಚೆಂಡಾಟಕ್ಕೆ ಗೋಲು ಮಾಡಿಕೊಟ್ಟ. ಮಲಗಿದವರ ಮೇಲೆ ಕಟ್ಟಿಕೊಂಡವರನ್ನು ಎಣಿಸಲು ಒಂದು ಕೈ ಸಾಕು, ಅದರಲ್ಲೂ ಬೆರಳು ಮಿಗುತ್ತಿತ್ತು.

ಅವಳ ಮನೆ ಅಂದರೆ ಒಂದು ಉದ್ದನೆಯ ಕೋಣೆ. ಹಿಂದೆ ಒಲೆ, ಬಚ್ಚಲು. ಮುಂದೆ ರಸ್ತೆಗೆ ಒಂದು ಕಿಟಕಿ. ಆ ಕಿಟಕಿಯ ಬೆಳಕು ಹೊಲಿಗೆಗೂ ಬೇಕು, ಅದರ ಗಾಳಿ ಮಲಗುವವರಿಗೂ ಬೇಕು. ಹಾಗಾಗಿ ಮಂಚ ಮತ್ತು ಮಿಷನ್ನು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಸೊಳ್ಳೆಪರದೆಯ ಮೂರು ದಾರ ಗೋಡೆಯ ಮೊಳೆಗಳಿಗೆ ಹೋಗುತ್ತಿದ್ದವು. ನಾಲ್ಕನೆಯದು ಕಿಟಕಿಯ ಸರಳಿಗೆ, ಸರಿಯಾಗಿ ಮಿಷನ್ನಿನ ಮೇಲೆ ಹಾದು. ಅದು ಕಟ್ಟಿದ್ದರೆ ಅವಳು ಸ್ಟೂಲಿನ ಮೇಲೆ ಕೂರುವ ಹಾಗಿಲ್ಲ. ಕೂತರೆ ದಾರ ಕತ್ತಿಗೆ ಬರುತ್ತಿತ್ತು.

ಗಂಡ ಐಸ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಉಪ್ಪು ನೀರಿನ ತೊಟ್ಟಿಯಿಂದ ಐಸಿನ ಡಬ್ಬಗಳನ್ನು ಮೇಲೆತ್ತಿ, ಗಡ್ಡೆ ಬಿಡಿಸಿ, ಕೊಕ್ಕೆ ಹಾಕಿ ಎಳೆದು, ಬೆಳಗಾಗುವ ಮೊದಲು ಲಾರಿಗೆ ತುಂಬುವುದು. ಬೆಳಕು ಹರಿಯುವಾಗ ಮನೆಗೆ ಬರುತ್ತಿದ್ದ. ಬೆರಳುಗಳು ಬೆಳ್ಳಗೆ ಬಿಳಚಿಕೊಂಡಿರುತ್ತಿದ್ದವು. ಬಿಸಿ ನೀರು ಸುರಿದುಕೊಂಡು, ತಿಂದು, ಅವಳು ಎದ್ದ ಮಂಚದಲ್ಲಿ ಮಲಗುತ್ತಿದ್ದ. ಆ ಮಂಚಕ್ಕೆ ಪುರುಸೊತ್ತೇ ಇರಲಿಲ್ಲ. ರಾತ್ರಿ ಅವಳಿಗೆ, ಹಗಲು ಅವನಿಗೆ. ಅವರ ಒಬ್ಬನೇ ಮಗನಿಗೆ ನೆಲದ ಮೇಲೆ ಚಾಪೆ. ಅವಳು ಎದ್ದ ಕೂಡಲೇ ಪರದೆಯ ದಾರ ಬಿಚ್ಚಿ ಮಡಚಿಡುತ್ತಿದ್ದಳು. ಹೊಲಿಯಲು ಕೂರಬೇಕಲ್ಲ. ಅಲ್ಲದೆ ಸೊಳ್ಳೆಪರದೆ ಅನ್ನುವುದು ರಾತ್ರಿಯ ಸಾಮಾನು ಅಂತ ಯಾರು ತಾನೇ ಅಂದುಕೊಳ್ಳುವುದಿಲ್ಲ. ಕಾರ್ಖಾನೆಯವರ ಮನೆಗಳಲ್ಲೆಲ್ಲ ಹಾಗೆಯೇ. ರಾತ್ರಿ ಹೆಂಡತಿ ಮಕ್ಕಳು ಪರದೆಯೊಳಗೆ. ಹಗಲು ಗಂಡಸು ಬರೀ ಮೈಯಲ್ಲಿ ಕಿಟಕಿ ತೆರೆದುಕೊಂಡು ಹೊರಗೆ.

ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ಬೆಳಗ್ಗೆ ಬೆಳಕಾದ ಮೇಲೆ ಮತ್ತು ಸಂಜೆ ಕತ್ತಲಾಗುವ ಮೊದಲು ಅದಕ್ಕೆ ಹಸಿವು ಜಾಸ್ತಿ. ಇದನ್ನು ಅವಳಿಗೆ ಆಸ್ಪತ್ರೆಯ ನರ್ಸಮ್ಮ ಹೇಳಿದರು. ಹೇಳುವ ಹೊತ್ತಿಗೆ ಗಂಡ ಹಾಸಿಗೆ ಹಿಡಿದಾಗಿತ್ತು.

ಅದಕ್ಕೂ ಮೊದಲು ಐಸ್ ಚಳಿ ಅಂತ ಒಂದು ಕಥೆ ಆಯಿತು. ಐಸ್ ಕಾರ್ಖಾನೆಯಲ್ಲಿ ಯಾರಿಗೇ ಮೈ ನಡುಗಲಿ, ಅದಕ್ಕೆ ಐಸ್ ಚಳಿ ಅನ್ನುತ್ತಾರೆ. ತಂಪು ಮೂಳೆಗೆ ಇಳಿದಿದೆ, ಬೆವರಿದರೆ ಹೋಗುತ್ತದೆ ಅಂತ. ಅದಕ್ಕೆ ಮದ್ದು ಎರಡು ಕಂಬಳಿ ಮತ್ತು ಮೇಸ್ತ್ರಿಯ ಜೇಬಿನಲ್ಲಿ ಸದಾ ಇರುವ ಮೈಕೈ ನೋವಿನ ಮಾತ್ರೆ. ಗಂಡನಿಗೂ ಅದೇ ಆಯಿತು. ಕಣ್ಣಿನ ಹಿಂದೆ ನೋವು, ಕೀಲು ಕೀಲಲ್ಲಿ ನೋವು ಅಂದ. ಮೇಸ್ತ್ರಿ ಮನೆಗೇ ಬಂದು ಮಾತ್ರೆ ಕೊಟ್ಟು ಹೋದ. ಆಮೇಲೆ ಜ್ವರ ಇಳಿಯಿತು. ಇಳಿಯಿತಲ್ಲ, ಬಿಟ್ಟಿತು ಅಂತ ಗಂಡ ಎದ್ದು ಕೆಲಸಕ್ಕೆ ಹೋದ. ಜ್ವರ ಇಳಿದ ಮೇಲೆಯೇ ಈ ಕಾಯಿಲೆಯ ಅಸಲಿ ಆಟ ಶುರುವಾಗುವುದು ಅಂತ ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ, ಮೇಸ್ತ್ರಿಗಂತೂ ಮೊದಲೇ ಗೊತ್ತಿರಲಿಲ್ಲ. ಹೊಟ್ಟೆ ನೋವು ಅಂತ ಕಾರ್ಖಾನೆಯಿಂದ ಅರ್ಧದಲ್ಲೇ ಬಂದ. ವಸಡಿನಲ್ಲಿ ರಕ್ತ. ಆಸ್ಪತ್ರೆಗೆ ಸೇರಿಸಿದರು. ನೋವಿನ ಮಾತ್ರೆ ಯಾರು ಕೊಟ್ಟಿದ್ದು ಅಂತ ಡಾಕ್ಟರು ಕೇಳಿದರು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದಂತೆ. ಈ ಜ್ವರದಲ್ಲಿ ಅದನ್ನು ಮುಟ್ಟಲೇಬಾರದಂತೆ.

ಗಂಡ ಆಸ್ಪತ್ರೆಯಿಂದ ಎದ್ದು ಬರಲಿಲ್ಲ.

ಅವಳು ಅತ್ತಿದ್ದನ್ನು ಬೀದಿಯವರು ಹೆಚ್ಚು ನೋಡಲಿಲ್ಲ. ರೇಗಿದ್ದನ್ನು ನೋಡಿದರು. ಅವಳಿಗೆ ಯಾರನ್ನು ಕಂಡರೂ ರೇಗುತ್ತಿತ್ತು. ಸಮಾಧಾನ ಹೇಳಲು ಬಂದವರು ಹಣೆಬರಹ ಅಂದರೆ, ಹಣೆಬರಹ ಅಲ್ಲ, ಸೊಳ್ಳೆ ಅನ್ನುತ್ತಿದ್ದಳು. ಬಂದವರು ಚಹಾ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋಗುತ್ತಿದ್ದರು.

ಮೇಸ್ತ್ರಿ ಮತ್ತೆ ಬಂದ. ಗಂಡನ ಜಾಗ ಖಾಲಿ ಇದೆ, ಮಗನನ್ನು ಕಳಿಸು ತಂಗಿ ಅಂದ. ಮಗ ಆಗ ಮೊಬೈಲು ರಿಪೇರಿ ಅಂಗಡಿಯೊಂದರಲ್ಲಿದ್ದ. ಅಂಗಡಿಯವನೇ ಬಾಗಿಲು ಹಾಕುವ ಯೋಚನೆಯಲ್ಲಿದ್ದ. ಅವಳು ಯೋಚಿಸಿ ಹೇಳ್ತೀನಿ ಅನ್ನುವುದರೊಳಗೆ ಮಗ ಬರ್ತೀನಿ ಅಂದುಬಿಟ್ಟ. ಅದೇ ಪಾಳಿ. ಗೂಟದಲ್ಲಿ ನೇತಾಡುತ್ತಿದ್ದ ಅಪ್ಪನದೇ ರಬ್ಬರ್ ಬೂಟು. ಹಗಲು ಅದೇ ಮಂಚ, ಅದೇ ಕಿಟಕಿ.

ಕೆಲಸಕ್ಕೆ ಹೋಗಬೇಡ ಅನ್ನುವಂತಿರಲಿಲ್ಲ. ಹಾಗಾದರೆ ಒಂದು ಮಾತ್ರ ಆಗಲೇಬೇಕು ಅಂತ ಅವಳು ಗಟ್ಟಿ ಮಾಡಿಕೊಂಡಳು. ಇವನು ಹಗಲು ಪರದೆಯೊಳಗೆ ಮಲಗಬೇಕು. ಪ್ರಪಂಚದಲ್ಲಿ ಅವಳಿಗೆ ಉಳಿದಿದ್ದವನು ಅವನೊಬ್ಬ. ಅವನೂ ಆ ಕಿಟಕಿಯ ಕೆಳಗೆ ಬರೀ ಮೈಯಲ್ಲಿ ಬಿದ್ದುಕೊಂಡರೆ ಅವಳು ಈ ಬೀದಿಯಲ್ಲಿ ಯಾರ ಬಕೆಟ್ಟು ಚೆಲ್ಲಿ ಏನು ಪ್ರಯೋಜನ.

ಮಗ ಒಪ್ಪಲಿಲ್ಲ.

ಒಪ್ಪುವುದಿಲ್ಲ ಅಂತ ನೇರ ಹೇಳಿದ್ದರೆ ಅವಳು ಎರಡು ಬಿಟ್ಟು ಮುಗಿಸುತ್ತಿದ್ದಳೋ ಏನೋ. ಅವನು ನೆಪ ಹೇಳುತ್ತಿದ್ದ. ಗಾಳಿ ಬರುವುದಿಲ್ಲ ಅಂದ. ಅವಳು ಫ್ಯಾನನ್ನು ಟ್ರಂಕಿನ ಮೇಲಿಟ್ಟು ಅವನ ಕಡೆ ತಿರುಗಿಸಿದಳು, ತಾನು ಬೆವರು ಸುರಿಸಿಕೊಂಡು ಹೊಲಿದಳು. ಅವನಿಗೆಂದೇ ಹೊಲಿದ ಪರದೆಗೆ ಹೊಸ ಬಟ್ಟೆ ವಾಸನೆ ಅಂದ. ಒಗೆದು ಒಣಗಿಸಿದಳು. ಮೈಗೆ ತಾಗಿ ಕೆರೆತ ಅಂದ. ಇನ್ನೂ ಅಗಲವಾಗಿ ಹೊಲಿದಳು. ಬೆಳಕಲ್ಲಿ ಕಣ್ಣು ಕುಕ್ಕುತ್ತದೆ ಅಂದ. ಅದಕ್ಕೂ ಪರದೆಗೂ ಏನೋ ಸಂಬಂಧ ಅಂದಳು. ಅವನು ಗೋಡೆ ಕಡೆ ತಿರುಗಿದ.

ಅವಳು ಪರದೆ ಇಳಿಸಿ ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ ಸ್ಟೂಲಿಗೆ ಬಂದು ಕೂರುವಳು. ದಾರ ಕತ್ತಿಗೆ ಬರುತ್ತಿದ್ದುದರಿಂದ ತಲೆ ಒಂದು ಕಡೆ ವಾಲಿಸಿಕೊಂಡು ಹೊಲಿಯುವಳು. ಒಂದು ಅಂಗಿಯ ತೋಳು ಮುಗಿಯುವುದರೊಳಗೆ ತಿರುಗಿ ನೋಡಿದರೆ ಪರದೆ ಸುರುಳಿಯಾಗಿ ಮೇಲೆ ಕೂತಿರುತ್ತಿತ್ತು. ಅವನು ಕೆಳಗೆ ನಿದ್ದೆ ಬಂದವನ ಹಾಗೆ. ಮತ್ತೆ ಇಳಿಸುವಳು. ಹಗಲಿಡೀ ಪರದೆ ಅಂಗಡಿ ಷಟರಿನ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು.

"ರಾತ್ರಿಯಿಡೀ ಐಸ್ ಜೊತೆ ಒದ್ದಾಡಿ ಬಂದಿದೀನಿ. ಒಂದ್ ನಿದ್ದೆ ಮಾಡೋಕೆ ಬಿಡಮ್ಮ."

"ಮಾಡು. ಯಾರು ಬೇಡ ಅಂದ್ರು? ಪರದೆ ಒಳಗೆ ಮಾಡು."

"ನೀನು ಹೊಲಿಗೆ ಬಿಟ್ಟು ಪೊಲೀಸ್ ಕೆಲಸಕ್ಕೆ ಸೇರ್ಕೋ."

"ಸೇರ್ಕೊಂಡಿದೀನಲ್ಲ, ಸಂಬಳ ಒಂದು ಇಲ್ಲ."

ಸೊಳ್ಳೆ ಓಡಿಸುವ ಮುಲಾಮು ತಂದಳು. ಅವನು ಹಚ್ಚಿಕೊಳ್ಳಲಿಲ್ಲ. ಅವನು ನಿದ್ದೆಹೋದ ಮೇಲೆ ತಾನೇ ಕಾಲಿಗೆ ಹಚ್ಚಲು ಹೋದಳು. ಅಂಗಾಲಿಗೆ ಕೈ ತಾಗಿದ್ದೇ ಅವನು ಬೆಚ್ಚಿ ಝಾಡಿಸಿ ಒದ್ದ, ಟ್ಯೂಬು ಹಾರಿ ಒಲೆ ಕಡೆ ಹೋಗಿ ಬಿತ್ತು. ಸೊಳ್ಳೆ ಬತ್ತಿ ಹಚ್ಚಿಟ್ಟಳು. ಅವನು ಕೆಮ್ಮಿದ, ಅವಳೂ ಕೆಮ್ಮಿದಳು, ಗಿರಾಕಿಯ ಪರದೆ ಬಟ್ಟೆಯ ಅಂಚಿಗೆ ಕಿಡಿ ತಗುಲಿ ತೂತಾಯಿತು. ತೋಳುದ್ದದ ಅಂಗಿ, ಕಾಲುದ್ದದ ಪೈಜಾಮ ಹೊಲಿದು ಕೊಟ್ಟಳು. ಅದನ್ನು ಮಡಚಿ ತಲೆಕೆಳಗೆ ಇಟ್ಟುಕೊಂಡು ಚಡ್ಡಿಯಲ್ಲೇ ಮಲಗಿದ. ಕಿಟಕಿಗೆ ಜಾಲರಿ ಹೊಡೆಸುತ್ತೇನೆ ಅಂದರೆ ಮನೆ ಓನರಮ್ಮ ಚೌಕಟ್ಟಿಗೆ ಮೊಳೆ ಹೊಡೆಯಕೂಡದು ಅಂದಳು.

ಓನರಮ್ಮ ಮಹಡಿಯಲ್ಲಿದ್ದವಳು. ಅವಳಿಗೆ ಹೂಕುಂಡದ ಹುಚ್ಚು. ಪ್ರತಿ ಮೆಟ್ಟಿಲಿಗೆ ಒಂದು ಕುಂಡ, ಪ್ರತಿ ಕುಂಡದ ಕೆಳಗೆ ಒಂದು ತಟ್ಟೆ, ಪ್ರತಿ ತಟ್ಟೆಯಲ್ಲಿ ನೀರು. ಕೆಳಗೆ ಇವಳು ತನ್ನ ಡ್ರಮ್ಮಿಗೆ ಮುಚ್ಚಳ ಹಾಕಿ, ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗಿನ ಗೋಡೆಗೆ ಮೊಟ್ಟೆ ಅಂಟಿರುತ್ತದೆ ಅಂತ ನಾರು ಹಾಕಿ ಉಜ್ಜುತ್ತಿದ್ದಳು. ತಲೆಯ ಮೇಲೆ ಓನರಮ್ಮ ಸೊಳ್ಳೆ ಸಾಕುತ್ತಿದ್ದಳು. ತಟ್ಟೆ ಚೆಲ್ಲಿ ಅಂತ ಎಷ್ಟು ಸಲ ಹೇಳಿದರೂ ಗೋಡೆಗೆ ಹೇಳಿದ ಹಾಗೆ. ಒಂದು ದಿನ ಓನರಮ್ಮ ಅಂದುಬಿಟ್ಟಳು,

"ನನ್ನ ಗಿಡಕ್ಕೂ ನಿನ್ನ ಗಂಡನಿಗೂ ಏನಮ್ಮ ಸಂಬಂಧ?"

ಅವಳು ಒಂದು ಗಾಜಿನ ಲೋಟ ತಂದು, ಮೂರನೆಯ ಮೆಟ್ಟಿಲಿನ ತಟ್ಟೆಯಿಂದ ನೀರು ಬಗ್ಗಿಸಿಕೊಂಡು ಮೇಲೆ ಹೋಗಿ ಓನರಮ್ಮನ ಊಟದ ಮೇಜಿನ ಮೇಲಿಟ್ಟಳು. ಲೋಟದೊಳಗೆ ಹುಳಗಳು ತಲೆ ಕೆಳಗಾಗಿ ನೇತಾಡುತ್ತಿದ್ದವು. ಒಂದೊಂದು ಸಲ ಎಲ್ಲ ಒಟ್ಟಿಗೆ ತಳಕ್ಕೆ ಹಾರುತ್ತಿದ್ದವು. ಓನರಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು. ಆಮೇಲೆ, ಇವು ನಮ್ಮವಲ್ಲ, ಕೆಳಗಿನಿಂದ ಹತ್ತಿ ಬಂದಿರಬೇಕು ಅಂದಳು.

ಅವಳಿಗೆ ತಲೆ ಚಿಟ್ಟು ಹಿಡಿಯಿತು. ಮಾತಿಗೆ ಮಾತು ಬೆಳೆಸದೆ, ರಸ್ತೆ ಕೊನೆಯಲ್ಲಿ ಕಟ್ಟುತ್ತಿದ್ದ ಮನೆಯವರನ್ನು ಕೇಳಿ ಎರಡು ಚೀಲ ಮರಳು ಹೊತ್ತು ತಂದಳು. ತಟ್ಟೆ ತಟ್ಟೆಗೂ ತಾನೇ ಮರಳು ತುಂಬಿದಳು. ಮರಳಿನಲ್ಲಿ ತೇವ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಓನರಮ್ಮ ಮೇಲಿಂದ ನೋಡುತ್ತ ನಿಂತಿದ್ದು, ಕೊನೆಗೆ, ಚೆನ್ನಾಗಿ ಕಾಣ್ತಿದೆ, ಮಲ್ಲಿಗೆ ಕುಂಡಕ್ಕೂ ಸ್ವಲ್ಪ ಹಾಕು ಅಂದಳು.

ಇಷ್ಟೆಲ್ಲ ಆದರೂ ಮಗ ಪರದೆಯ ಹೊರಗೇ.

ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಮಗನನ್ನು ಮೇಸ್ತ್ರಿಯೇ ಸ್ಕೂಟರಿನಲ್ಲಿ ಕರೆತಂದ. ಮಗ ಹಿಂದೆ ಕೂತು ಹಲ್ಲು ಕಟಕಟ ಅನ್ನಿಸುತ್ತಿದ್ದ. ಅವಳು ಬಾಗಿಲಲ್ಲೇ ಅವನ ಹಣೆ ಮುಟ್ಟಿ ನೋಡಿದಳು. ಕೈ ಸುಟ್ಟಿತು.

"ಗಾಬರಿ ಆಗಬೇಡ ತಂಗಿ," ಅಂದ ಮೇಸ್ತ್ರಿ. "ಬರೀ ಐಸ್ ಚಳಿ."

ಅಂದವನೇ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ. ಹಾಕಿದ ಕೈ ಹೊರಗೆ ತೆಗೆದು, ಅದರಲ್ಲಿದ್ದ ಮಾತ್ರೆಯ ಹಾಳೆಯನ್ನು ಅವಳ ಮುಂದೆ ಹಿಡಿದ. ಅವಳು ಅದನ್ನು ತೆಗೆದುಕೊಂಡಳು. ಒಂದೊಂದೇ ಮಾತ್ರೆಯನ್ನು ಹಾಳೆಯಿಂದ ಒತ್ತಿ ಒತ್ತಿ ಮೋರಿಗೆ ಬೀಳಿಸಿದಳು. ಎಲ್ಲ ಮುಗಿದ ಮೇಲೆ ಖಾಲಿ ಹಾಳೆಯನ್ನು ಅವನ ಕೈಗೆ ವಾಪಸ್ಸು ಕೊಟ್ಟಳು.

"ನಿಮ್ಮ ಐಸ್ ಚಳಿ ನಮ್ಮನೆಯವರನ್ನ ತಗೊಂಡು ಹೋಯ್ತು. ಇವನ ಹತ್ರ ಆ ಮಾತು ಎತ್ತಬೇಡಿ."

ಮೇಸ್ತ್ರಿಯ ಮುಖ ನೋಡಿದರೆ ಅಯ್ಯೋ ಅನ್ನಿಸಬೇಕಿತ್ತು. ಅವಳಿಗೆ ಅನ್ನಿಸಲಿಲ್ಲ. ಸ್ಕೂಟರು ಇಳಿಯಬೇಡ ಅಂತ ಮಗನಿಗೆ ಹೇಳಿ, ಹಾಗೇ ಆಸ್ಪತ್ರೆಗೆ ಬಿಡಿ ಅಂದಳು. ಬಿಟ್ಟ. ಅವಳು ಹಿಂದೆ ಆಟೋದಲ್ಲಿ ಹೋದಳು.

ರಕ್ತ ತೆಗೆದು ನೋಡಿದರು. ಡೆಂಗ್ಯೂ ಇಲ್ಲ ಅಂದರು. ಮಾಮೂಲಿ ಜ್ವರ ಇರಬಹುದು, ಆದರೂ ಇನ್ನೊಂದು ಸಲ ಪರೀಕ್ಷೆ ಮಾಡೋಣ, ನೀರು, ಗಂಜಿ ಚೆನ್ನಾಗಿ ಕುಡಿಸಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಕೊಡಬೇಡಿ, ಜ್ವರ ಇಳಿದ ಮೇಲೆ ಹೊಟ್ಟೆ ನೋವು, ವಾಂತಿ, ರಕ್ತ ಏನಾದರೂ ಕಂಡರೆ ತಕ್ಷಣ ಬನ್ನಿ ಅಂದರು. ಅವಳು ತಲೆ ಆಡಿಸುತ್ತಿದ್ದಳು. ಅವಳಿಗೆ ಇದೆಲ್ಲ ಬಾಯಿಪಾಠ. ಡಾಕ್ಟರು ಒಂದು ಮಾತು ಮರೆತಾಗ ಅವಳೇ ನೆನಪಿಸಿದಳು. ಮನೆಯಲ್ಲಿ ಪರದೆಯೊಳಗೆ ಮಲಗಿಸಬೇಕಲ್ವಾ ಡಾಕ್ಟ್ರೇ, ಇವನಿಗೂ ಸ್ವಲ್ಪ ಹೇಳಿ ಅಂದಳು. ಹೌದು ಅಂದರು ಡಾಕ್ಟರು. ಕೇಳಿಸ್ತಾ ಅಂತ ಮಗನ ಕಡೆ ತಿರುಗಿದಳು. ಮಗ ನೆಲ ನೋಡುತ್ತಿದ್ದ.

ಮನೆಗೆ ಬಂದು ಅವನನ್ನು ಮಲಗಿಸಿ ಪರದೆ ಇಳಿಸಿದಳು. ಅಂಚು ಸಿಕ್ಕಿಸಿದಳು. ಗಂಜಿ ಕಾಯಿಸಲು ಒಲೆ ಹತ್ತಿರ ಹೋದಳು. ಹಿಂದಿನಿಂದ ಟರ್ ಅಂತ ಸದ್ದು. ಬಂದು ನೋಡಿದರೆ ಮಗ ಎದ್ದು ಕೂತಿದ್ದಾನೆ. ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಎಳೆದಿದ್ದಾನೆ. ಒಂದು ದಾರ ಮೊಳೆಯನ್ನೂ ಕಿತ್ತುಕೊಂಡು ಬಂದಿದೆ. ಗೋಡೆಯ ಗಾರೆ ಹಾಸಿಗೆ ಮೇಲೆಲ್ಲ ಉದುರಿದೆ.

ಅವಳ ಕೈಯಲ್ಲಿ ಸೌಟಿತ್ತು. ಅದನ್ನು ಎಸೆಯಲಿಲ್ಲ ಅನ್ನುವುದೇ ದೊಡ್ಡದು.

"ಏನೋ ನಿನ್ನ ಕಷ್ಟ?" ಅಂದಳು. "ಹೇಳು. ಫ್ಯಾನ್ ತಿರುಗಿಸಿದೆ. ಒಗೆದೆ. ಅಗಲ ಮಾಡಿದೆ. ಇನ್ನೇನು ಮಾಡ್ಬೇಕು? ಹೇಳು, ಅದನ್ನೂ ಮಾಡ್ತೀನಿ."

ಮಗ ಪರದೆಯ ಒಂದು ಮೂಲೆಯನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

"ಆಸ್ಪತ್ರೇಲಿ ಅಪ್ಪನಿಗೆ ಕಟ್ಟಿದ್ರಲ್ಲ," ಅಂದ.

ಕಟ್ಟಿದ್ದರು. ಕಾಯಿಲೆ ಬಂದವರನ್ನು ಕಚ್ಚಿದ ಸೊಳ್ಳೆ ಆಮೇಲೆ ಇನ್ನೊಬ್ಬರನ್ನು ಕಚ್ಚಿದರೆ ಅವರಿಗೂ ಬರುತ್ತದೆ ಅಂತ ಆ ವಾರ್ಡಿನ ಎಲ್ಲ ಮಂಚಕ್ಕೂ ಪರದೆ ಇತ್ತು.

"ನೀನು ಬಟ್ಟೆ ತರೋಕೆ ಮನೆಗೆ ಬಂದಿದ್ದೆ. ನಾನು ಹೊರಗೆ ಕೂತಿದ್ದೆ, ಸ್ಟೂಲ್ ಮೇಲೆ. ಅಪ್ಪ ಕೈ ಚಾಚಿದ್ರು. ನಾನು ಪರದೆ ಎತ್ತೋಕೆ ಹೋದೆ. ನರ್ಸು ಎತ್ತಬೇಡಪ್ಪ ಅಂದ್ರು. ಎತ್ತಲಿಲ್ಲ. ಅಪ್ಪ ಏನೋ ಹೇಳಿದ್ರು. ಫ್ಯಾನ್ ಸದ್ದು. ನನಗೆ ಕೇಳಿಸ್ಲಿಲ್ಲ."

ಅವಳು ಮಂಚದ ತುದಿಗೆ ಕೂತಳು.

"ಇದರೊಳಗೆ ಮಲಗಿದ್ರೆ ನೀನು ಅಲ್ಲಿ ಸ್ಟೂಲ್ ಮೇಲೆ ಕೂತಿರ್ತೀಯ. ಮಸುಕು ಮಸುಕಾಗಿ ಕಾಣ್ತೀಯ. ಅಪ್ಪನಿಗೆ ನಾನು ಹಾಗೇ ಕಂಡಿರ್ತೀನಿ ಅನ್ಸುತ್ತೆ. ಉಸಿರು ಹಿಡಿದ ಹಾಗೆ ಆಗುತ್ತೆ. ಗಾಳಿ ಬರಲ್ಲ ಅಂದಿದ್ದು ಸುಳ್ಳಲ್ಲ."

ಅಳು ಬರುವ ಜಾಗದಲ್ಲಿ ಅವಳಿಗೆ ಸಿಟ್ಟೇ ಬಂತು.

"ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ? ನಾನು ವಾಸನೆ ಅಂತ ನಂಬಿ ಬಟ್ಟೆ ಮೂರು ಸಲ ಒಗೆದೆನಲ್ಲೋ."

"ಹೇಗೆ ಹೇಳ್ಲಿ? ನೀನು ಪರದೆ ಬಿಟ್ಟು ಬೇರೆ ಮಾತೇ ಆಡ್ತಿರಲಿಲ್ಲ."

ಅದು ನಿಜವಾಗಿತ್ತು. ಅವಳು ಎದ್ದು ಹೋಗಿ ಉಕ್ಕುತ್ತಿದ್ದ ಗಂಜಿ ಇಳಿಸಿದಳು. ಅವನಿಗೆ ಕುಡಿಸಿದಳು. ಅವನು ಮಲಗಿದ. ಪರದೆ ಮಂಚದ ಕೆಳಗೆ ಮುದ್ದೆಯಾಗಿ ಬಿದ್ದಿತ್ತು. ಅವಳು ಅಂದು ಹೊಲಿಯಲಿಲ್ಲ. ಹಳೆ ಪೇಪರು ಮಡಚಿ ಬೀಸಣಿಗೆ ಮಾಡಿಕೊಂಡು ಅವನ ಪಕ್ಕ ಕೂತು ಬೀಸಿದಳು. ಒಂದು ಸೊಳ್ಳೆ ಅವನ ಮೊಣಕೈ ಮೇಲೆ ಕೂರಲು ಬಂತು. ಕಪ್ಪು ಕಾಲಿಗೆ ಬಿಳಿ ಪಟ್ಟೆ. ನೋಡಿದರೆ ಅಲಂಕಾರ ಮಾಡಿಕೊಂಡು ಹೊರಟ ಹಾಗೆ. ಹೊಡೆದಳು. ಸಿಕ್ಕಲಿಲ್ಲ.

ಬೀಸುತ್ತ ಕೂತವಳು ಕೋಣೆ ನೋಡಿದಳು. ಮಂಚ. ಅದಕ್ಕೆ ಅಂಟಿಕೊಂಡ ಮಿಷನ್ನು. ಸ್ಟೂಲು. ಕಿಟಕಿ. ಆಮೇಲೆ ಬೀಸಣಿಗೆ ಕೆಳಗಿಟ್ಟು ಟೇಪು ತೆಗೆದುಕೊಂಡು ಗೋಡೆಯಿಂದ ಗೋಡೆಗೆ ಅಳೆದಳು. ಮಂಚದ ತಲೆಯಿಂದ ಸ್ಟೂಲಿನ ಆಚೆಗೆ ಅಳೆದಳು. ನೆಲದಿಂದ ತಾನು ಕೈ ಎತ್ತಿದಷ್ಟು ಎತ್ತರ ಅಳೆದಳು.

ಮಗನ ಜ್ವರ ಇಳಿಯುವವರೆಗೂ, ಇಳಿದ ಮೇಲೂ ಅವಳು ಅದನ್ನೇ ಹೊಲಿದಳು. ಗಿರಾಕಿಗಳ ಬಟ್ಟೆ ಒಂದು ಮೂಲೆಗೆ ತಳ್ಳಿದಳು. ಸೊಳ್ಳೆಪರದೆ ಬಟ್ಟೆಯ ಅಗಲಕ್ಕೆ ಅಗಲ, ಪನ್ನಕ್ಕೆ ಪನ್ನ ಜೋಡಿಸಿ, ಪೇಪರ್ ಪಟ್ಟಿ ಇಟ್ಟು ಇಟ್ಟು, ಹರಿದು ಹರಿದು, ಕೋಣೆ ತುಂಬ ಪೇಪರ್ ಚೂರು. ಕೆಳಗಿನ ಅಂಚಿಗೆ ಕೊಳವೆಯ ಹಾಗೆ ದಪ್ಪ ಮಡಿಕೆ ಹೊಲಿದು, ಅದರೊಳಗೆ ಓನರಮ್ಮನ ತಟ್ಟೆಗಳಿಗೆ ತುಂಬಿ ಉಳಿದಿದ್ದ ಮರಳು ಸುರಿದಳು. ಹಾಗೆ ಮಾಡಿದರೆ ಅಂಚು ನೆಲ ಬಿಟ್ಟು ಏಳುವುದಿಲ್ಲ. ಒಂದು ಕಡೆ ಎರಡು ಪದರ ಒಂದರ ಮೇಲೊಂದು ಬರುವ ಹಾಗೆ ಬಾಗಿಲು ಬಿಟ್ಟಳು. ಆ ನಡುವೆ ಎರಡನೇ ಸಲ ರಕ್ತ ಪರೀಕ್ಷೆಯೂ ಆಯಿತು. ಈ ಸಲವೂ ಇಲ್ಲ. ಮಾಮೂಲಿ ಜ್ವರವೇ. ಸದ್ಯ ಅಂತ ಅವಳು ಯಾರ ಮುಂದೆಯೂ ಅನ್ನಲಿಲ್ಲ. ಜ್ವರ ಬಿಟ್ಟ ಮೇಲೂ ಅವನನ್ನು ಕೆಲಸಕ್ಕೆ ಕಳಿಸಲಿಲ್ಲ. ಕಾರ್ಖಾನೆಯಿಂದ ಕರೆ ಬಂದರೆ ಅವಳೇ ಫೋನು ಎತ್ತಿ, ಇನ್ನೂ ಇಲ್ಲ ಅಂತ ಇಟ್ಟುಬಿಡುತ್ತಿದ್ದಳು.

ಪರದೆ ಕಟ್ಟಿದ ದಿನ ಅದು ಕೋಣೆಯೊಳಗೆ ಇನ್ನೊಂದು ಕೋಣೆಯ ಹಾಗೆ ನಿಂತಿತು. ಮಂಚವೂ ಒಳಗೆ, ಮಿಷನ್ನೂ ಒಳಗೆ, ಸ್ಟೂಲೂ ಒಳಗೆ, ಫ್ಯಾನೂ ಒಳಗೆ. ಹೊರಗೆ ಉಳಿದಿದ್ದು ಒಲೆ ಮತ್ತು ಬಚ್ಚಲು. ಮಗ ಸುತ್ತ ಒಂದು ಸುತ್ತು ಹಾಕಿದ.

"ಇದೇನಮ್ಮ, ಟೆಂಟು?"

"ಒಳಗೆ ಹೋಗು."

ಅವನು ನಿಂತೇ ಇದ್ದ. ಅವಳು ಪದರ ಸರಿಸಿ ತಾನು ಮೊದಲು ಒಳಗೆ ಹೋದಳು. ಸ್ಟೂಲಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದಳು. ಹೊರಗೆ ನಿಂತ ಮಗ ಈಗ ಅವಳಿಗೆ ಮಸುಕಾಗಿ ಕಂಡ. ಗಂಡ ಇದನ್ನೇ ನೋಡಿದನಲ್ಲ ಅನ್ನಿಸಿತು. ಆ ಯೋಚನೆ ಮುಂದುವರಿಯಲು ಅವಳು ಬಿಡಲಿಲ್ಲ.

"ಬಾ. ನಾನು ಇಲ್ಲೇ ಇರ್ತೀನಿ. ಕೈ ಚಾಚಿದ್ರೆ ಸಿಗ್ತೀನಿ. ಏನು ಹೇಳಿದ್ರೂ ಕೇಳಿಸುತ್ತೆ. ಕೇಳಿಸ್ಲಿಲ್ಲ ಅಂದ್ರೆ ಮಿಷನ್ ನಿಲ್ಲಿಸ್ತೀನಿ."

ಮಗ ಬಗ್ಗಿ ಒಳಗೆ ಬಂದ. ಮಂಚದ ಮೇಲೆ ಕೂತ. ಮೇಲೆ ನೋಡಿದ, ಅಕ್ಕಪಕ್ಕ ನೋಡಿದ, ಅವಳನ್ನು ನೋಡಿದ. ನಡುವೆ ಏನೂ ಇರಲಿಲ್ಲ. ಆಮೇಲೆ ಮಲಗಿದ.

ಬೀದಿಗೆ ಇದೊಂದು ತಮಾಷೆಯಾಯಿತು. ಓನರಮ್ಮ ಬಾಗಿಲಲ್ಲಿ ನಿಂತು ಇದೇನಮ್ಮ ಕೋಳಿಗೂಡು ಅಂದಳು. ಮೊಳೆ ಹೊಡೆದಿಲ್ಲ ತಾನೇ ಅಂತ ಗೋಡೆ ಪರೀಕ್ಷೆ ಮಾಡಿದಳು. ಗಿರಾಕಿಗಳು ಬಟ್ಟೆಯನ್ನು ಪದರದ ಸಂದಿಯಿಂದ ಒಳಗೆ ತೂರಿಸಬೇಕಾಯಿತು. ಅಳತೆ ಕೊಡುವವರು ಒಳಗೆ ಬರಬೇಕು, ಬಂದವರು ಹಿಂದೆ ಪದರ ಸರಿಯಾಗಿ ಮುಚ್ಚಬೇಕು. ಮುಚ್ಚದಿದ್ದರೆ ಅವಳು ಅಳತೆ ತೆಗೆಯುವುದಿಲ್ಲ. ಮಲಗಿದವನು ಏಳುತ್ತಾನೆ, ಮೆಲ್ಲಗೆ ಮಾತಾಡಿ ಅಂತ ಬೇರೆ. ಒಬ್ಬಿಬ್ಬರು ಬೇರೆ ಕಡೆ ಹೊಲಿಸಿಕೊಂಡರು. ಹೋಗಲಿ ಅಂದಳು. ಆದರೆ ಕಾರ್ಖಾನೆಯವನೊಬ್ಬನ ಹೆಂಡತಿ ಬಂದು ತುಂಬ ಹೊತ್ತು ನಿಂತು ನೋಡಿ, ನಮ್ಮವರೂ ಹಗಲೇ ಮಲಗೋದು ಅಕ್ಕ ಅಂದಳು. ಮಂಚದ ಅಳತೆ ತಗೊಂಡು ಬಾ ಅಂದಳು ಅವಳು. ಟೊಮೆಟೊ ಸಸಿಗೆ ಹಾಕಿದರೆ ಕಾಲು ಮುರೀತೀನಿ ಅಂತಲೂ ಸೇರಿಸಿದಳು.

ಮೇಸ್ತ್ರಿಯೂ ಬಂದ. ಹುಡುಗ ಯಾವಾಗ ಬರ್ತಾನೆ ಅಂತ ಕೇಳಲು ಬಂದವನು ಪರದೆಯ ಮುಂದೆ ನಿಂತು ಕೈ ಕಟ್ಟಿಕೊಂಡ. ದಾರಿ ಎಲ್ಲಿ ಅಂತ ಅವನಿಗೆ ಸಿಗಲಿಲ್ಲ.

"ಒಳಗೆ ಹೇಗೆ ಬರೋದು ತಂಗಿ?"

"ಬರೋದು ಬೇಡ. ಅಲ್ಲಿಂದಲೇ ಹೇಳಿ."

ಅವಳು ಒಂದು ಪೂರಾ ಅಂಚು ಹೊಲಿದು ಮುಗಿಸಿದಳು. ಅವನು ಇನ್ನೂ ನಿಂತಿದ್ದ. ಕಾರ್ಖಾನೆಯಲ್ಲಿ ಈಗ ಚಳಿ ಅಂದವರನ್ನು ಆಸ್ಪತ್ರೆಗೆ ಕಳಿಸ್ತಿದೀನಿ, ಮಾತ್ರೆ ಇಟ್ಟುಕೊಳ್ಳೋದು ಬಿಟ್ಟೆ ಅಂದ. ಜೇಬನ್ನು ಹೊರಗೆ ಎಳೆದೂ ತೋರಿಸಿದ. ಒಂದು ಬಸ್ಸಿನ ಟಿಕೆಟ್ಟು ಮಾತ್ರ ಕೆಳಗೆ ಬಿತ್ತು. ಅವಳು ಪರದೆಯ ಒಳಗಿನಿಂದ ನೋಡಿದಳು. ಸರಿ ಅಂದಳು. ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಬರಲಿಲ್ಲ. ಮುಂದಿನ ವಾರ ಬರ್ತಾನೆ ಅಂದಳು.

ಮಗ ಕೆಲಸಕ್ಕೆ ಮರಳಿದ. ಮೊದಲ ಹಗಲು ಅವನು ಸ್ನಾನ ಮಾಡಿ, ತಿಂದು, ಹೇಳಿಸಿಕೊಳ್ಳದೆ ಒಳಗೆ ಹೋಗಿ ಮಲಗಿದ. ಅವಳು ಶಾಲೆಯವರ ಬಿಳಿ ಅಂಗಿಗಳ ರಾಶಿ ಇಟ್ಟುಕೊಂಡು ಕೂತಳು. ಸಂಜೆಗೆ ಕೊಡಬೇಕಿತ್ತು. ಕಾಲರು ಮಡಚಿ ಹೊಲಿಯುತ್ತಿದ್ದಾಗ ಮಗನ ದನಿ ಬಂತು.

"ಅಮ್ಮ. ಒಂದು ಒಳಗೇ ಇದೆ."

ಅವಳು ಮಿಷನ್ನು ನಿಲ್ಲಿಸಿದಳು. ಹೌದು. ಕಿವಿ ಹತ್ತಿರ ಗುಂಯ್ ಅಂತ ಹೋಯಿತು. ಇಷ್ಟು ಪನ್ನ ಜೋಡಿಸಿ, ಇಷ್ಟು ಮರಳು ತುಂಬಿ, ಊರಿಗೆಲ್ಲ ಪದರ ಮುಚ್ಚಿ ಅಂತ ಗಂಟಲು ಹರಿದುಕೊಂಡು, ಕೊನೆಗೆ ಅದನ್ನು ತಮ್ಮ ಜೊತೆಗೇ ಕೂಡಿಹಾಕಿಕೊಂಡಿದ್ದರು.

"ನೀನೇ ಬಿಟ್ಟಿರ್ತೀಯ, ಬರುವಾ​ಗ."

"ನಾನಾ? ಚಹಾ ತರೋಕೆ ನಾಲ್ಕು ಸಲ ಓಡಾಡಿದ್ದು ಯಾರು?"

"ಬಾಯಿ ಮುಚ್ಚಿ ಹುಡುಕು."

ಮಗ ಮಂಚದ ಮೇಲೆ ನಿಂತ. ಅವಳು ಸ್ಟೂಲು ಹತ್ತಿದಳು. ನಿನ್ನ ಎಡಗಡೆ ಅಂದ. ಹೊಡೆದಳು, ಗಾಳಿಗೆ. ನಿನ್ನ ದಿಂಬಿನ ಮೇಲೆ ಅಂದಳು. ಹೊಡೆದ, ದಿಂಬಿಗೆ. ಪರದೆಯೆಲ್ಲ ಅಲುಗಿತು, ಒಂದು ದಾರ ಸಡಿಲವಾಯಿತು. ರಸ್ತೆಯಲ್ಲಿ ಹೋಗುವವರು ಕಿಟಕಿಯಲ್ಲಿ ನಿಂತು ನೋಡಿದರು. ಕೊನೆಗೆ ಅದು ಮಿಷನ್ನಿನ ಮೇಲಿದ್ದ ಬಿಳಿ ಕಾಲರಿನ ಮೇಲೆ ಬಂದು ಕೂತಿತು, ಹೊಟ್ಟೆ ಕೆಂಪಗೆ. ಅವಳು ಅಂಗೈ ಚಪ್ಪಟೆ ಮಾಡಿ ಬಡಿದಳು. ಕೈ ಎತ್ತಿದರೆ ಕಾಲರಿನ ಮೇಲೆ ಒಂದು ಚುಕ್ಕೆ ರಕ್ತ.

"ಯಾರದು ರಕ್ತ?" ಅಂದ ಮಗ.

"ನನ್ನದು."

"ನಿನಗೆ ಹೇಗೆ ಗೊತ್ತು?"

ಅವಳು ಮೊಣಕೈ ತಿರುಗಿಸಿ ತೋರಿಸಿದಳು. ಅಲ್ಲಿ ದದ್ದು ಎದ್ದಿತ್ತು. ಮಗನ ಮುಖ ಸಣ್ಣದಾಯಿತು. ಅವನು ಅವಳ ಕೈ ಹಿಡಿದು ಕಿಟಕಿ ಬೆಳಕಿಗೆ ತಿರುಗಿಸಿ ನೋಡಿದ. ನೀನೂ ತೋಳುದ್ದದ್ದು ಹಾಕ್ಕೋಬೇಕು ಅಂದ. ಆ ಮುಲಾಮು ಎಲ್ಲಿ ಹೋಯ್ತು ಅಂದ. ಒಲೆ ಹಿಂದೆ ಇದೆ, ನೀನೇ ಒದ್ದಿದ್ದು ಅಂದಳು. ಅವನು ಪದರ ಸರಿಸಿ ಹೊರಗೆ ಹೋಗಿ, ಒಲೆ ಹಿಂದೆ ಕೈ ಹಾಕಿ ತಡಕಿ, ಟ್ಯೂಬು ತಂದ. ಬಂದು ಪದರವನ್ನು ಮೇಲಿಂದ ಕೆಳಗಿನವರೆಗೂ ಸವರಿ ಮುಚ್ಚಿದ. ಅವಳ ಎರಡೂ ಕೈಗೆ ಮೊಣಕೈವರೆಗೆ ಹಚ್ಚಿದ. ಸೂಜಿ ಹಿಡಿಯೋ ಕೈ ಜಾರುತ್ತೆ ಬಿಡೋ ಅಂತ ಅವಳು ಬೈದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುತ್ತಿಗೆ ಹಿಂದೆಯೂ ಹಚ್ಚಿದ. ಉಳಿದಿದ್ದನ್ನು ತನ್ನ ಕಾಲಿಗೆ ಬಳಿದುಕೊಂಡು ಮಲಗಿದ.

ಅವಳು ಒಂದು ತುಂಡು ದಾರವನ್ನು ಬಾಯಲ್ಲಿ ಹಾಕಿ ಉಗುಳಲ್ಲಿ ನೆನೆಸಿ ಕಾಲರಿನ ಚುಕ್ಕೆಯ ಮೇಲೆ ಒತ್ತಿದಳು. ತನ್ನ ರಕ್ತದ ಕಲೆ ತನ್ನ ಉಗುಳಿಗೆ ಬಿಡುತ್ತದೆ ಅಂತ ಹೊಲಿಯುವವರಿಗೆಲ್ಲ ಗೊತ್ತು. ಒತ್ತಿ ಒತ್ತಿ ತೆಗೆದಳು. ಪೂರ್ತಿ ಹೋಗಲಿಲ್ಲ. ಮಡಿಕೆಯ ಒಳಗಡೆ ಬರುವ ಹಾಗೆ ಆ ಭಾಗವನ್ನು ತಿರುಗಿಸಿ ಹೊಲಿದಳು. ಇನ್ನೂ ಅರ್ಧ ರಾಶಿ ಇತ್ತು, ಸಂಜೆಯೊಳಗೆ ಮುಗಿಯುವ ಹಾಗಿರಲಿಲ್ಲ. ಶಾಲೆಯವರು ಬಂದು ಗೊಣಗುತ್ತಾರೆ. ಗೊಣಗಲಿ. ಮಗನ ಗೊರಕೆ ಶುರುವಾಗಿತ್ತು, ಥೇಟು ಅವನಪ್ಪನದೇ. ಅವಳು ಮಿಷನ್ನು ತುಳಿದಳು.